ಬರ್ಫಿ ಕಟ್ಟಿದ ಹಾಳೆಗಳು

ನನ್ನ ಮೊಮ್ಮಗಳು ಹುಟ್ಟಿದ ಸುದ್ದಿ ಬಂದದ್ದು ಆಫೀಸಿನ ಫೋನಿಗೆ, ಒಂದು ಸೋಮವಾರ ಬೆಳಿಗ್ಗೆ, ನಾನು ಟಪಾಲು ಚೀಲವನ್ನು ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ. ಹಡಪಸರದ ಆಸ್ಪತ್ರೆಯಿಂದ ಅಳಿಯ ಮಾತಾಡಿದ. "ಅತ್ತಿ, ಹೆಣ್ಣು. ಇಬ್ಬರೂ ಆರಾಮ ಅದಾರ," ಎಂದ. ಮಗಳಿಗೆ ಅದಕ್ಕೆ ಮೊದಲು ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ಆ ಒಂಬತ್ತು ತಿಂಗಳು ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ಫೋನು ಇಟ್ಟವಳೇ ಎದುರಿಗಿದ್ದವರಿಗೆಲ್ಲ ಹೇಳಿದೆ, ಗೋಡೆಗೂ ಹೇಳಿರಬೇಕು.

ನಾನು ಹೇಳಬೇಕಾದ ಸಂಗತಿ ಆ ಸಂತೋಷದಿಂದಲೇ ಶುರುವಾಗುತ್ತದೆ. ಅದಕ್ಕೇ ಬರೆಯಲು ಇಷ್ಟು ವರ್ಷ ಹಿಡಿಯಿತು.

ಆಗ ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಪುಣೆಯ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ನಾನು ಸಿಪಾಯಿ, ಟಪಾಲು ಹಂಚುವವಳು. ಓದಿದ್ದು ಧಾರವಾಡದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ. ಮರಾಠಿ ಮಾತಾಡುತ್ತೇನೆ, ಬೋರ್ಡು ಓದುತ್ತೇನೆ. ಇಂಗ್ಲಿಷಿನಲ್ಲಿ ಅಂಕಿ ಮಾತ್ರ ಸಲೀಸು, ಅಕ್ಷರ ಗುರುತಷ್ಟೇ. ಕ್ಯಾಂಪಸ್ಸಿನ ಕಂಪ್ಯೂಟರುಗಳೆಲ್ಲ ಒಂದೇ ತಂತಿಯ ಜಾಲಕ್ಕೆ ಸೇರಿದ್ದವು. ಬೆಳಿಗ್ಗೆ ಒಂದಕ್ಕೆ ವೈರಸ್ಸಿನ ಹುಳ ಹತ್ತಿದರೆ ಸಂಜೆಯೊಳಗೆ ಎಲ್ಲಕ್ಕೂ ಹತ್ತುತ್ತಿತ್ತು. ಅದನ್ನು ತಡೆಯಲು ನಮ್ಮಲ್ಲಿ ಸುರಕ್ಷಾ ವಿಭಾಗವೆಂದು ಒಂದು ಕೋಣೆ, ಇಬ್ಬರು ಜನ. ಒಬ್ಬರು ಸಾಹೇಬರು. ಬೆಳಗಾವಿ ಕಡೆಯವರು, ಪುಣೆಯಲ್ಲೇ ತಲೆ ಹಣ್ಣಾದವರು. ಇನ್ನೊಬ್ಬ ಇಂಜಿನಿಯರು, ಮೈಸೂರು ಕಡೆಯವನು. ನನ್ನ ಮಗನ ವಯಸ್ಸಿನವನಾದ್ದರಿಂದ ಅವನು ಎಂದೇ ಬರೆಯುತ್ತೇನೆ. ಮೂರು ವರ್ಷದಿಂದ ಗುತ್ತಿಗೆಯ ಮೇಲಿದ್ದ. ಅವನನ್ನು ಕಾಯಂ ಮಾಡುವ ಫೈಲು ಆ ತಿಂಗಳಷ್ಟೇ ಮೇಲೆ ಹೋಗಿತ್ತು.

ಶನಿವಾರ ಶನಿವಾರ ಇಂಜಿನಿಯರು ಒಂದು ಯಂತ್ರವನ್ನು ಓಡಲು ಬಿಡುತ್ತಿದ್ದ. ಅದು ಕ್ಯಾಂಪಸ್ಸಿನ ಪ್ರತಿ ಕಂಪ್ಯೂಟರಿನ ಹತ್ತಿರ ಹೋಗಿ ಕದ ತಟ್ಟಿ ನೋಡುತ್ತದೆ, ಯಾವುದು ತೆರೆದಿದೆ, ಯಾವುದರ ಚಿಲಕ ಸಡಿಲ ಎಂದು ಪಟ್ಟಿ ಮಾಡುತ್ತದೆ ಎಂದು ನನಗೆ ತಿಳಿಸಿ ಹೇಳಿದ್ದ. "ಹಂಗಾರ ಎಲ್ಲಾ ಕದಾ ಹಾಕ್ಕೊಂಡ ಕೂಡ್ರಲಿ," ಎಂದಿದ್ದೆ. "ಎಲ್ಲಾ ಮುಚ್ಚಿದ್ರೆ ಕೆಲ್ಸ ನಡೆಯಲ್ಲ ಅಕ್ಕ. ಯಾವ್ದು ಮುಚ್ಬೇಕು ಅಂತ ಹೇಳೋದೇ ನಮ್ ಸಂಬಳ," ಎಂದು ನಕ್ಕಿದ್ದ.

ಸೋಮವಾರ ಆ ಪಟ್ಟಿಯಿಂದ ಪತ್ರಗಳಾಗುತ್ತಿದ್ದವು. ಜಾಲಕ್ಕೇ ಹುಳ ಹತ್ತಿದಾಗ ಮೇಲ್ ಕಳಿಸಿದರೆ ಅದೂ ಹುಳ ಹತ್ತಿದ ಕಂಪ್ಯೂಟರಿಗೇ ಹೋಗುತ್ತದೆ, ಅಲ್ಲಿಂದ ಯಾರು ಯಾರಿಗೆ ದಾಟಿಸುತ್ತಾರೋ ಲೆಕ್ಕವಿಲ್ಲ ಎಂದು ಸಾಹೇಬರು ಕಾಗದವನ್ನೇ ನಂಬಿದ್ದರು. ಪತ್ರಗಳಲ್ಲಿ ಮೂರು ಜಾತಿ. ಲಕೋಟೆಗೆ ಹಸಿರು ಪಟ್ಟಿ ಅಂಟಿಸಿದ್ದರೆ ನೋಟಿಸ್ ಬೋರ್ಡಿಗೆ. ಹಳದಿಯಾದರೆ ವಿಭಾಗದೊಳಗೆ ಎಲ್ಲರೂ ಓದಬಹುದು. ಕೆಂಪಾದರೆ ಮೇಲೆ ಯಾರ ಹೆಸರಿದೆಯೋ ಅವರ ಕೈಗೇ ಕೊಡಬೇಕು, ಟಪಾಲು ವಹಿಯಲ್ಲಿ ಅವರದೇ ಸಹಿ ಆಗಬೇಕು, ಅವರಿಲ್ಲದಿದ್ದರೆ ಪತ್ರ ವಾಪಸು ಬರಬೇಕು. ಕೆಂಪು ಪತ್ರದಲ್ಲಿ ಆ ವಿಭಾಗದ ಸಡಿಲ ಕಂಪ್ಯೂಟರುಗಳ ಸಾಲು ಮಾತ್ರ ಇರುತ್ತಿತ್ತು. ಇಡೀ ಪಟ್ಟಿ ಒಂದೇ ಪ್ರತಿ, ಸಾಹೇಬರ ಕಪಾಟಿನಲ್ಲಿ. ಇಪ್ಪತ್ತೆರಡು ವಿಭಾಗ, ನಾನೊಬ್ಬಳು, ಒಂದು ಚೀಲ. ಇಂಗ್ಲಿಷು ಓದಲು ಬಾರದವಳಿಗೆ ಬಣ್ಣದ ಕೆಲಸ ಒಗ್ಗಿತ್ತು. ಒಂದು ಕೆಂಪು ಪತ್ರವೂ ನನ್ನ ಕೈಯಲ್ಲಿ ದಾರಿ ತಪ್ಪಿರಲಿಲ್ಲ.

ಆ ಸೋಮವಾರ ಪ್ರಿಂಟರು ಕೆಟ್ಟು ಕೂತಿತ್ತು. ಇಡೀ ಪಟ್ಟಿ ಅಂದರೆ ಐದು ಹಾಳೆ, ಪ್ರತಿ ಹಾಳೆಯ ಎಡಕ್ಕೂ ಕಾಡಿಗೆ ಒರೆಸಿದಂತೆ ಕಪ್ಪು ಬಳಿದುಕೊಂಡು ಬಂದವು. ಇಂಜಿನಿಯರು ಅವನ್ನು ತೆಗೆದಿಟ್ಟು, ಡ್ರಮ್ಮು ಒರೆಸಿ, ಮತ್ತೆ ಐದು ತೆಗೆದ. ಅಷ್ಟರಲ್ಲಿ ನನ್ನ ಸಡಗರ ನೋಡಿ ಸಾಹೇಬರು ಹೊರಗೆ ಬಂದರು.

"ಬಾಯಿ, ಟಪಾಲು ನಾಳೆ ಹೋದರ ನಡೀತದ. ಮೊದಲ ಮೊಮ್ಮಗಳ ಮಾರಿ ನೋಡಿ ಬರ್ರಿ."

"ಸ್ವೀಟ್ ಇಲ್ದೆ ಬಂದ್ರೆ ನಾಳೆ ಬಾಗಿಲು ತೆಗೆಯಲ್ಲ ಅಕ್ಕ," ಎಂದ ಇಂಜಿನಿಯರು, ಮಸಿ ಕೈಯಲ್ಲೇ.

ಹೋಗಿ ನೋಡಿದೆ. ಹುಬ್ಬೇ ಇರಲಿಲ್ಲ. ಹುಬ್ಬಿನ ಜಾಗದಲ್ಲಿ ವಿಭೂತಿ ಎಳೆದಂಥ ತೆಳು ಗೆರೆ. ನನ್ನ ಕಿರುಬೆರಳು ಹಿಡಿದದ್ದು ಬಿಡಲಿಲ್ಲ. ಹೊರಗೆ ಹೋಗಿ ಎಂದು ನರ್ಸು ಮೂರು ಸಲ ಹೇಳಿದಳು. "ನಾ ಹೆಂಗ ಹೋಗಲವ್ವಾ, ಹಿಡಕೊಂಡಾಳ," ಎಂದೆ. ಈಗ ಬರೆಯುವಾಗಲೂ ಆ ಬೆರಳು ಬೆಚ್ಚಗಾಗುತ್ತದೆ.

ಪುಣೆಯಲ್ಲಿ ಗಂಡು ಹುಟ್ಟಿದರೆ ಪೇಢೆ ಹಂಚುತ್ತಾರೆ, ಹೆಣ್ಣಾದರೆ ಬರ್ಫಿ. ಮಂಗಳವಾರ ಬೆಳಿಗ್ಗೆ ದೊಡ್ಡ ಡಬ್ಬದ ತುಂಬ ಬರ್ಫಿ ತಂದೆ. ಕೇಂದ್ರದವರು ಡಬ್ಬದಿಂದಲೇ ತೆಗೆದುಕೊಂಡು ತಿಂದರು. ಇಪ್ಪತ್ತೆರಡು ವಿಭಾಗಕ್ಕೆ ಒಯ್ಯಲು ಮಾತ್ರ ಪುಡಿಕೆ ಕಟ್ಟಬೇಕಿತ್ತು. ನನ್ನ ಸ್ಟೂಲಿನ ಮೇಲೆ ಕೂತು ಕಟ್ಟಿದೆ.

ಇಲ್ಲಿ ನಿಧಾನವಾಗಿ ಬರೆಯುತ್ತೇನೆ. ಒಂದು ಬದಿ ಅಚ್ಚಾಗಿ ಇನ್ನೊಂದು ಬದಿ ಖಾಲಿ ಉಳಿದ ಹಾಳೆಗೆ ಪುಣೆಯಲ್ಲಿ ಪಾಠಕೋರಾ ಎನ್ನುತ್ತಾರೆ. ಅದನ್ನು ಎಸೆಯುವುದೆಂದರೆ ಅಲ್ಲಿನ ಆಫೀಸಿನವರಿಗೆ ಅನ್ನ ಚೆಲ್ಲಿದಂತೆ. ಸಾಹೇಬರು ಟಿಪ್ಪಣಿ ಬರೆಯುತ್ತಿದ್ದದ್ದೂ ಅದರ ಮೇಲೆಯೇ. ಪ್ರಿಂಟರಿನ ಪಕ್ಕದಲ್ಲಿ ಎರಡು ರಟ್ಟಿನ ಡಬ್ಬಗಳಿದ್ದವು. ಒಂದು ಪಾಠಕೋರಾ ಡಬ್ಬ. ಇನ್ನೊಂದು, ಕಾಗದ ಕೊಚ್ಚುವ ಮಶೀನಿಗೆ ಹೋಗಬೇಕಾದದ್ದು. ಪಾಠಕೋರಾದಲ್ಲಿ ಹದಿನೇಳು ಹಾಳೆ ಇದ್ದವು. ನನಗೆ ಬೇಕಾದದ್ದು ಇಪ್ಪತ್ತೆರಡು. ಇನ್ನೈದನ್ನು ಆ ಪಕ್ಕದ ಡಬ್ಬದಿಂದ ತೆಗೆದುಕೊಂಡೆ. ಮೇಲೆಯೇ ಇದ್ದವು, ಹಿಂಬದಿ ಹಾಲಿನಂತೆ ಬಿಳಿ. ಕೆಂಪು ಎಲ್ಲಿಯೂ ಇರಲಿಲ್ಲ. ಕೆಂಪು ಪಟ್ಟಿ ಅಂಟಿಸುತ್ತಿದ್ದದ್ದು ಲಕೋಟೆಗೆ, ಹಾಳೆಗಲ್ಲ.

ನಮ್ಮಪ್ಪನದು ಧಾರವಾಡದಲ್ಲಿ ಕಿರಾಣಿ ಅಂಗಡಿ. ದಾರವಿಲ್ಲದೆ ಪುಡಿಕೆ ಕಟ್ಟುವುದನ್ನು ಅಲ್ಲಿ ಕಲಿತದ್ದು: ನಾಲ್ಕು ಮಡಿಕೆ, ಐದನೆಯದಾಗಿ ಒಂದು ಮೂಲೆಯನ್ನು ಓರೆಯಾಗಿ ಒಳಗೆ ಸಿಗಿಸುವುದು. ತಿಂಡಿಗೆ ಶಾಯಿ ತಾಗಬಾರದೆಂದು ಖಾಲಿ ಬದಿಯನ್ನು ಒಳಗಿಟ್ಟೆ, ಅಚ್ಚಾದ ಬದಿಯನ್ನು ಹೊರಗೆ. ಪುಡಿಕೆಗಳನ್ನು ಚೀಲದಲ್ಲಿ ಮೇಲಿಟ್ಟು, ಕೆಂಪು ಲಕೋಟೆಗಳನ್ನು ಕೆಳಗಿಟ್ಟು ಹೊರಟೆ.

ಎಂಥ ಸುತ್ತು ಅದು. ಒಂದು ವಿಭಾಗದ ಗುಮಾಸ್ತ ಪುಡಿಕೆ ಬಿಚ್ಚಿ, "ಪೇಢೆ ಇಲ್ಲೇನು ಮಾವಶಿ? ಇರಲಿ, ಮುಂದಿನ ಸಲ ತಿನ್ನಿಸು," ಎಂದು ಮರಾಠಿಯಲ್ಲಿ ಕಾಲೆಳೆದ. ಮಾವಶಿ ಅಂದರೆ ಚಿಕ್ಕಮ್ಮ, ಅಲ್ಲಿ ಎಲ್ಲರೂ ನನ್ನನ್ನು ಹಾಗೇ ಕರೆಯುತ್ತಿದ್ದರು. "ಮುಂದಿನ ಸಲವೂ ಬರ್ಫಿಯೇ, ಬಾಯಿ ತೆರೆದಿಟ್ಟುಕೋ," ಎಂದೆ. ಇಪ್ಪತ್ತೆರಡು ಕಡೆಯೂ ಹುಬ್ಬಿನ ಕಥೆ, ಬೆರಳಿನ ಕಥೆ ಹೇಳಿದೆ. ಕಾಲು ನೋಯಲೇ ಇಲ್ಲ.

ಕೊನೆಯದು ಮಳೆ ವಿಭಾಗ. ಅದು ನಾನಿಟ್ಟ ಹೆಸರು. ಘಟ್ಟದ ಊರೂರಿನಲ್ಲಿ ಮಳೆ ಅಳೆದು ಲೆಕ್ಕ ಹಾಕುವವರ ಜಾಗ. ಅಲ್ಲಿ ಕಿಟಕಿಯ ಹತ್ತಿರ ಒಬ್ಬ ಸಂಶೋಧಕಿ ಕೂರುತ್ತಿದ್ದಳು. ಆರು ಮಳೆಗಾಲದಿಂದ ಘಟ್ಟ ಸುತ್ತಿ ತಂದ ಅಳತೆಗಳನ್ನು ಅಲ್ಲಿನ ಕಂಪ್ಯೂಟರಿಗೆ ತುಂಬುತ್ತಿದ್ದಳು. ಆ ದಿನ ಕೆಂಪು ಪತ್ರದ ಮೇಲೆ ಹೆಸರಿದ್ದ ಅಲ್ಲಿನ ಅಧಿಕಾರಿ ಇರಲಿಲ್ಲ.

"ಸರ್ ತರಬೇತಿಗೆ ಲೋಣಾವಳಾಕ್ಕೆ ಹೋಗಿದ್ದಾರೆ ಮಾವಶಿ, ಬರುವ ಬುಧವಾರದ ತನಕ ಬರುವುದಿಲ್ಲ. ನನ್ನ ಹತ್ತಿರ ಕೊಡಿ, ಏನಿದೆಯೋ ನೋಡಿ ಸರಿ ಮಾಡುತ್ತೇನೆ," ಎಂದು ಮರಾಠಿಯಲ್ಲಿ ಹೇಳಿದಳು.

"ಹೆಸರಿದ್ದವರಿಗೆ ಮಾತ್ರ," ಎಂದೆ. ನಿಯಮ ಪಾಲಿಸಿದ ಹೆಮ್ಮೆಯೂ ಇತ್ತು. ಲಕೋಟೆಯನ್ನು ಚೀಲಕ್ಕೆ ಹಾಕಿ ಪುಡಿಕೆಯನ್ನು ಅವಳ ಕೈಗಿಟ್ಟೆ. ಅವಳು ಎದ್ದು ನನ್ನನ್ನು ತಬ್ಬಿಕೊಂಡಳು.

ಮುಂದಿನ ಸೋಮವಾರ ಕೇಂದ್ರಕ್ಕೆ ಕಾಲಿಟ್ಟಾಗ ಯಾರೂ ಕುರ್ಚಿಯಲ್ಲಿರಲಿಲ್ಲ. ಮೂರು ವಿಭಾಗಗಳಲ್ಲಿ ಹನ್ನೊಂದು ಕಂಪ್ಯೂಟರುಗಳೊಳಗೆ ಯಾರೋ ನುಗ್ಗಿದ್ದರು. ಕದ ಮುರಿದಿರಲಿಲ್ಲ, ಕೀಲಿಕೈಯಿಂದಲೇ ತೆಗೆದಿದ್ದರು. ಪಟ್ಟಿಯ ಕೊನೆಯ ಅಂಕಣದಲ್ಲಿ, ಇನ್ನೂ ಬದಲಿಸದ ಪಾಸ್‌ವರ್ಡು ಯಾವುದೆಂದು ಇಂಜಿನಿಯರು ಬರೆದಿಡುತ್ತಿದ್ದ. ಆಯಾ ವಿಭಾಗದವರಿಗೆ ನಂಬಿಕೆ ಬರಲೆಂದು. ಅದನ್ನೇ ಇಟ್ಟುಕೊಂಡು ಬಂದಿದ್ದರು. ಎಲ್ಲಿಂದ ಎಂದು ಹುಡುಕಿದರೆ ದಾರಿ ನಮ್ಮದೇ ವಿದ್ಯಾರ್ಥಿಗಳ ಪ್ರಯೋಗಶಾಲೆಗೆ ಹೋಗಿ ನಿಂತಿತು. ಅಲ್ಲಿ ಯಾರು ಬೇಕಾದರೂ ಹೆಸರು ಹೇಳದೆ ಕೂರಬಹುದಿತ್ತು. ಎರಡು ವಿಭಾಗಗಳಲ್ಲಿ ಚೇಷ್ಟೆಯಷ್ಟೇ ಮಾಡಿದ್ದರು. ಮಳೆ ವಿಭಾಗದಲ್ಲಿ ಎಲ್ಲವನ್ನೂ ಅಳಿಸಿದ್ದರು. ಬೇರೆಡೆ ಇಟ್ಟ ಪ್ರತಿ ಮೂರು ವರ್ಷ ಹಳೆಯದು.

ಆ ವಾರ ದಿನಕ್ಕೆ ಮೂರು ಸಲ ಟಪಾಲು. ಜಾಲದಿಂದ ಕಳಚಿ, ಪಾಸ್‌ವರ್ಡು ಬದಲಿಸಿ, ಇದನ್ನು ಹಾಕಿ, ಅದನ್ನು ತೆಗೆಯಿರಿ. ಸಂಶೋಧಕಿ ದಿನವೂ ಕೇಂದ್ರಕ್ಕೆ ಬಂದು, ಏನಾದರೂ ವಾಪಸು ಬಂತೇ ಎಂದು ಕೇಳಿ, ನನ್ನ ಸ್ಟೂಲಿನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ದಿನ, "ಬರ್ಫಿ ಚೆನ್ನಾಗಿತ್ತು ಮಾವಶಿ," ಎಂದಳು.

ವಿಚಾರಣೆಗೆ ಸಾಹೇಬರನ್ನೂ ಸೇರಿಸಿ ಮೂವರ ಸಮಿತಿಯಾಯಿತು. ಪ್ರಿಂಟರಿಗೆ ತನ್ನದೇ ನೆನಪಿರುತ್ತದೆಯಂತೆ. ಪಟ್ಟಿ ಹತ್ತು ಹಾಳೆ ಅಚ್ಚಾಗಿದೆ ಎಂದು ಅದು ಹೇಳಿತು. ರಿಜಿಸ್ಟರಿನಲ್ಲಿ ಇಂಜಿನಿಯರು ಬರೆದದ್ದು ಐದು. ಉಳಿದ ಐದು ಎಲ್ಲಿ? ಮಸಿ ಬಳಿದುಕೊಂಡು ಬಂದವು, ಕೊಚ್ಚುವ ಡಬ್ಬಕ್ಕೆ ಹಾಕಿದೆ ಎಂದ. ಕೊಚ್ಚಿದ್ದು ಯಾರು? ಗೊತ್ತಿಲ್ಲ ಎಂದ. ಪಟ್ಟಿಗೆ ಕೈ ಹಾಕಬಹುದಾದ ಇನ್ನೊಬ್ಬರು ಸಾಹೇಬರೇ. ಅವರ ಪ್ರತಿ ಕಪಾಟಿನಲ್ಲಿ ಭದ್ರವಾಗಿತ್ತು. ಕಾಯಂ ಆಗುವ ಫೈಲು ಕೆಳಗಿಳಿದು ಬಂತು. ಮರುವಾರದ ಗುರುವಾರ ಸಮಿತಿಯ ಕೊನೆಯ ಸಭೆ, ಶುಕ್ರವಾರ ಅವನ ಕೊನೆಯ ದಿನ ಎಂದು ಎಲ್ಲರಿಗೂ ತಿಳಿದುಹೋಗಿತ್ತು.

ನನ್ನನ್ನೂ ಕರೆದಿದ್ದರು. ಟಪಾಲು ವಹಿಯನ್ನು ಪುಟ ಪುಟ ತಿರುವಿದರು. ಒಂದು ಸಹಿಯೂ ತಪ್ಪಿಲ್ಲ. ಸಾಹೇಬರು ಉಳಿದಿಬ್ಬರಿಗೆ ತೋರಿಸಿ, "ನಾಲ್ಕನೆತ್ತೆ ಕಲ್ತಾಕಿ ನೋಡ್ರಿ, ಇಂಜಿನಿಯರಕಿಂತ ಸ್ವಚ್ಛ ಕೆಲಸ," ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಿದರು. ಬರ್ಫಿಯ ಮಾತು ಯಾರೂ ಎತ್ತಲಿಲ್ಲ. ನನಗೂ ನೆನಪಾಗಲಿಲ್ಲ. ಎದೆ ಮುಟ್ಟಿಕೊಂಡು ಹೇಳುತ್ತೇನೆ, ಆಗ ನೆನಪಾಗಲಿಲ್ಲ.

ಆ ಗುರುವಾರ ಬೆಳಿಗ್ಗೆ ಇತಿಹಾಸ ವಿಭಾಗಕ್ಕೆ ಹಳದಿ ಪತ್ರ ಒಯ್ದೆ. ಅಲ್ಲಿನ ಗುಮಾಸ್ತ ಚಹಾ ಗ್ಲಾಸು ಎತ್ತಿದಾಗ ಅಡಿಯಲ್ಲಿ ಹಾಸಿದ್ದ ಹಾಳೆ ಕಂಡಿತು. ನಾಲ್ಕು ಮಡಿಕೆಯ ಗೆರೆ, ಒಂದು ಓರೆ ಗೆರೆ. ಅದು ನನ್ನ ಕೈಕೆಲಸ. ತುಪ್ಪದ ಕಲೆಯೂ ಇತ್ತು. ಎಡಕ್ಕೆ ಉದ್ದಕ್ಕೂ ಕಪ್ಪು. ನಡುವೆ ಸಾಲು ಸಾಲು ಅಂಕಿ, ನಾಲ್ಕು ಗುಂಪು, ಮಧ್ಯೆ ಚುಕ್ಕೆ. ಅಂಥ ಅಂಕಿಯನ್ನು ನಾನು ಕೆಂಪು ಪತ್ರ ಒಡೆದು ಓದುವವರ ಹೆಗಲ ಮೇಲಿಂದ ಎಷ್ಟೋ ಸಲ ನೋಡಿದ್ದೆ. ಬೇರೆ ಯಾವ ಕಾಗದದಲ್ಲೂ ನೋಡಿರಲಿಲ್ಲ.

"ಇದನ್ನು ಒಯ್ಯಲೇ?" ಎಂದೆ.

"ಒಯ್ಯಿ. ನಿನ್ನದೇ," ಎಂದ, ಪೇಪರಿನಿಂದ ತಲೆ ಎತ್ತದೆ.

ಕೇಂದ್ರಕ್ಕೆ ಬಂದಾಗ ಊಟದ ಹೊತ್ತು, ಯಾರೂ ಇರಲಿಲ್ಲ. ಕೊಚ್ಚುವ ಮಶೀನಿನ ಗುಂಡಿ ಒತ್ತಿದೆ. ಅದು ಹಲ್ಲು ಕಡಿಯುತ್ತ ಕಾಯತೊಡಗಿತು. ಹಾಳೆಯ ಅಂಚನ್ನು ಬಾಯಿಯವರೆಗೆ ಒಯ್ದದ್ದು ನಿಜ. ನನ್ನ ಗಂಡ ಇದೇ ಕ್ಯಾಂಪಸ್ಸಿನಲ್ಲಿ ತೋಟದ ಮಾಳಿಯಾಗಿದ್ದ, ಅವನು ತೀರಿಕೊಂಡ ಮೇಲೆ ಕರುಣೆಯಿಂದ ಕೊಟ್ಟ ನೌಕರಿ ನನ್ನದು. ಹೋದರೆ ಇನ್ನೊಂದು ಸಿಗುವ ವಿದ್ಯೆಯಲ್ಲ. ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಕೂಸಿಗೆ ಆವತ್ತಿಗೆ ಹದಿನೇಳು ದಿನ.

ಇಂಜಿನಿಯರು ಒಳಗೆ ಬಂದ. ಕೈಯಲ್ಲಿ ಖಾಲಿ ರಟ್ಟಿನ ಡಬ್ಬ, ತನ್ನ ಪುಸ್ತಕ ತುಂಬಿಕೊಳ್ಳಲು. ಮಶೀನಿನ ಶಬ್ದ ಕೇಳಿ ನನ್ನ ಕಡೆ ನೋಡಿದ, ಹಾಳೆಯ ಕಡೆ ನೋಡಲಿಲ್ಲ.

"ಊಟ ಆಯ್ತಾ ಅಕ್ಕ? ಪಾಪು ಹೇಗಿದೆ?"

"ಹುಬ್ಬ ಬಂದಾವು," ಎಂದೆ.

"ಬಂದ್ವಾ? ನೋಡಿ, ಸುಮ್ನೆ ಟೆನ್ಷನ್ ತಗೊಂಡಿದ್ರಿ." ಪುಸ್ತಕ ತುಂಬುತ್ತಲೇ ಹೇಳಿದ, "ಊರಿಗೆ ಹೋದ್ಮೇಲೆ ನಮ್ಮಮ್ಮಂಗೆ ಏನ್ ಹೇಳ್ಬೇಕು ಅಂತಾನೇ ತಿಳೀತಿಲ್ಲ. ಹತ್ತು ಪೇಜ್ ಪ್ರಿಂಟ್ ಆಗಿದ್ದಕ್ಕೆ ಕೆಲ್ಸ ಹೋಯ್ತು ಅಂದ್ರೆ ನಂಬ್ತಾರಾ?"

ಮಶೀನು ಆರಿಸಿದೆ.

ಸಮಿತಿಯ ಕೋಣೆಯ ಕದ ತಟ್ಟಿ ಒಳಗೆ ಹೋದಾಗ ಸಾಹೇಬರು, "ಚಹಾ ಆಮ್ಯಾಲೆ ತರ್ರಿ ಬಾಯಿ," ಎಂದರು.

"ಚಹಾ ಅಲ್ಲರಿ ಸಾಹೇಬರ." ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟೆ.

ಮೂವರೂ ಬಗ್ಗಿ ನೋಡಿದರು. ಸಾಹೇಬರು ಎಡದಂಚಿನ ಮಸಿಯ ಮೇಲೆ ಬೆರಳಿಟ್ಟರು. "ಎಲ್ಲಿ ಸಿಕ್ತು?"

"ಇತಿಹಾಸದಾಗ. ಒಯ್ದ ಕೊಟ್ಟಾಕಿನೂ ನಾನ. ಬರ್ಫಿ ಕಟ್ಟಿದ್ದೆ. ಹದಿನೇಳು ಹಾಳಿ ಪಾಠಕೋರಾ ಡಬ್ಬದಾಗಿಂದು, ಐದು ಕೊಚ್ಚೂ ಡಬ್ಬದಾಗಿಂದು. ಹುಡುಗ ಹೇಳಿದ್ದು ಖರೆ ಅದರಿ. ಅವ ಅದರಾಗ ಹಾಕಿದ್ದ."

ಸಮಿತಿಯ ಇನ್ನೊಬ್ಬರು ಮರಾಠಿಯಲ್ಲಿ ಕೇಳಿದರು, ಅದರಿಂದ ಕಟ್ಟು ಎಂದು ನಿನಗೆ ಯಾರು ಹೇಳಿದರು?

"ಯಾರೂ ಹೇಳಲಿಲ್ಲ. ಖುಷಿಯಾಗಿತ್ತು," ಎಂದೆ.

ಕೇಳಿದವರು ಕನ್ನಡಕ ತೆಗೆದು, "ಆ ಬರ್ಫಿ ನಾನೂ ತಿಂದಿದ್ದೇನೆ," ಎಂದರು, ತಮಗೇ ಹೇಳಿಕೊಂಡಂತೆ.

ಬೈಗಳು ಬರಬಹುದೆಂದು ನಿಂತಿದ್ದೆ. ಸಾಹೇಬರು ಬೈಯಲಿಲ್ಲ. ವಹಿಯ ಒಂದು ಖಾಲಿ ಪುಟ ತೆರೆದು, "ಎಲ್ಲೆಲ್ಲಿ ಕೊಟ್ರಿ, ಯಾರ ಕೈಯಾಗ ಕೊಟ್ರಿ, ಒಂದೊಂದ ಹೇಳ್ರಿ," ಎಂದರು. ಇಪ್ಪತ್ತೆರಡೂ ಹೇಳಿದೆ. ಯಾರು ಏನೆಂದು ಚೇಷ್ಟೆ ಮಾಡಿದರು ಎಂಬುದೂ ನೆನಪಿತ್ತು.

ಎರಡು ದಿನ ಆ ಹಾಳೆಗಳನ್ನು ಹುಡುಕಿದೆ. ಯಾಕೆಂದು ಹೇಳುವಂತಿರಲಿಲ್ಲ. "ಬರ್ಫಿ ಕಟ್ಟಿದ ಕಾಗದ ಇದ್ದರೆ ಕೊಡಿ," ಎಂದಷ್ಟೇ ಕೇಳುವುದು. ಜನ ಹೊಟ್ಟೆ ಹಿಡಿದು ನಕ್ಕರು. "ಬರ್ಫಿ ಕೊಟ್ಟು ಕಾಗದ ವಾಪಸು ಕೇಳುತ್ತಾಳೆ, ಈ ಕಾನಡಿ ಬಾಯಿಯಷ್ಟು ಕಂಜೂಸು ಇನ್ನೊಬ್ಬರಿಲ್ಲ," ಎಂದರು. ಕಸದ ಬುಟ್ಟಿ ತಡಕಿದೆ, ಡ್ರಾಯರಿನ ತಳ ನೋಡಿದೆ. ಮಸಿಯ ಹಾಳೆ ಒಂದು ಕಪಾಟಿನ ಕಾಲಿಗೆ ಒತ್ತು ಕೊಟ್ಟಿತ್ತು. ಇನ್ನೊಂದರ ಹಿಂದೆ ಯಾರೋ ಯಾರದೋ ಫೋನ್ ನಂಬರು ಬರೆದುಕೊಂಡಿದ್ದರು. ಇನ್ನೊಂದು ಸಂಶೋಧಕಿಯ ಪುಸ್ತಕದೊಳಗಿತ್ತು, ಗುರುತಿಗೆ ಇಟ್ಟುಕೊಂಡಿದ್ದಳು. "ನಿಮ್ಮ ಮಡಿಕೆ ಚೆಂದ ಇತ್ತು, ಎಸೆಯಲು ಮನಸ್ಸಾಗಲಿಲ್ಲ," ಎಂದು ತೆಗೆದು ಕೊಟ್ಟಳು. ಮೇಲೆ ಅಚ್ಚಾದದ್ದನ್ನು ಅವಳು ನೋಡಿಯೇ ಇರಲಿಲ್ಲ.

ಇತಿಹಾಸದ್ದೂ ಸೇರಿ ನಾಲ್ಕು. ಇಂಜಿನಿಯರು ಅವನ್ನು ಸಾಹೇಬರ ಪ್ರತಿಯ ಪಕ್ಕದಲ್ಲಿಟ್ಟು ಸಾಲು ಸಾಲು ನೋಡಿದ. ಒಂದು, ಎರಡು, ಮೂರು, ನಾಲ್ಕು. ನುಗ್ಗಿದ ಹನ್ನೊಂದು ಕಂಪ್ಯೂಟರುಗಳಲ್ಲಿ ಒಂದೂ ಆ ನಾಲ್ಕು ಹಾಳೆಗಳಲ್ಲಿರಲಿಲ್ಲ. ಹನ್ನೊಂದೂ ಐದನೆಯ ಹಾಳೆಯಲ್ಲಿದ್ದವು.

ಐದನೆಯದು ಸಿಗಲಿಲ್ಲ. ಕಾಗದ ಸಿಗದ ವಿಭಾಗಗಳು ಒಂಬತ್ತು ಉಳಿದವು. ಆ ಒಂಬತ್ತರಲ್ಲಿ ಯಾರೋ ನನ್ನ ಬರ್ಫಿ ತಿಂದು, ಮೊಮ್ಮಗಳಿಗೆ ಒಳ್ಳೆಯದಾಗಲಿ ಎಂದು ಹರಸಿ, ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡಿದ್ದರು. ಇಲ್ಲವೇ ಅವರು ಬುಟ್ಟಿಗೆ ಎಸೆದದ್ದನ್ನು ಇನ್ನಾರೋ ಎತ್ತಿಕೊಂಡಿದ್ದರು. ಯಾರೆಂದು ಇವತ್ತಿಗೂ ತಿಳಿದಿಲ್ಲ. ನೌಕರಿ ಮುಗಿಯುವ ತನಕ ಆ ಒಂಬತ್ತು ಕದಗಳ ಮುಂದೆ ನಿಂತಾಗಲೆಲ್ಲ, ನಗುತ್ತ ಎದುರಾದ ಮುಖವನ್ನು ನಾನು ಒಂದು ಗಳಿಗೆ ಹೆಚ್ಚು ನೋಡುತ್ತಿದ್ದೆ.

ಇಂಜಿನಿಯರು ತಪ್ಪಿತಸ್ಥನಲ್ಲವೆಂದು ಸಮಿತಿ ಬರೆಯಿತು. ಆ ಪತ್ರಕ್ಕೆ ಸಾಹೇಬರು ಕೆಂಪು ಪಟ್ಟಿ ಅಂಟಿಸಿದರು, ನಾನೇ ಒಯ್ದು ಕೊಟ್ಟು ಸಹಿ ಮಾಡಿಸಿಕೊಂಡೆ. ಅವನು ಓದಿ, ಡ್ರಾಯರಿಗೆ ಹಾಕಿದ. ಎಂಟು ದಿನ ಮಾತಾಡಲಿಲ್ಲ. ಅದು ನನಗೆ ಬೈಗಳಿಗಿಂತ ಭಾರವಾಗಿತ್ತು. ಕಾಯಂ ಆದದ್ದು ಆ ತಿಂಗಳಲ್ಲ, ಮರುವರ್ಷ.

ಒಂಬತ್ತನೆಯ ದಿನ ಒಂದು ಹಾಳೆ ಹಿಡಿದು ಬಂದ. "ಅಕ್ಕ, ಓದ್ಬೇಡಿ. ಸುಮ್ನೆ ನೋಡಿ ಹೇಳಿ, ಇದು ಏನು?"

ನಾಲ್ಕೂ ಅಂಚಿಗೆ ಬೆರಳಗಲ ಕೆಂಪು. "ಕೆಂಪು," ಎಂದೆ.

"ತಿರುಗ್ಸಿ."

ಹಿಂಬದಿಯ ತುಂಬ ಅಡ್ಡಡ್ಡ ಕೆಂಪು ಗೆರೆ. ಒಂದು ಫೋನ್ ನಂಬರು ಬರೆಯಲೂ ಖಾಲಿ ಜಾಗವಿಲ್ಲ. "ಇದೂ ಕೆಂಪು," ಎಂದೆ.

"ಅರ್ಧ ಹರಿದ್ರೆ?" ಹರಿದು ತೋರಿಸಿದ. ಆ ಅರ್ಧವೂ ಕೆಂಪೇ. "ಹಾಗಾದ್ರೆ ಪಾಸು," ಎಂದ. ಅಷ್ಟರಲ್ಲಿ ಇಬ್ಬರ ಕಣ್ಣೂ ತುಂಬಿದ್ದರಿಂದ ಅವನು ಪ್ರಿಂಟರಿನ ಕಡೆ ತಿರುಗಿದ.

ಅಂದಿನಿಂದ ಪಟ್ಟಿ ಅಚ್ಚಾಗುವುದು ಛಾಪಖಾನೆಯಿಂದ ತಂದ ಆ ಹಾಳೆಯ ಮೇಲೆ ಮಾತ್ರ. ಪಾಸ್‌ವರ್ಡಿನ ಅಂಕಣ ತೆಗೆದುಬಿಟ್ಟರು. ಹೆಸರಿದ್ದವರು ಊರಲ್ಲಿಲ್ಲದಿದ್ದರೆ ಪತ್ರ ಯಾರಿಗೆ ಎಂದು ಎರಡನೆಯ ಹೆಸರನ್ನೂ ಬರೆಯತೊಡಗಿದರು. ಕೆಟ್ಟ ಹಾಳೆಯನ್ನು ಎಣಿಸಿ ಕೊಚ್ಚಬೇಕು, ಕೊಚ್ಚಿದವರು ಸಹಿ ಮಾಡಬೇಕು. ನನಗೆ ಒಂದು ಮೆಮೊ ಕೊಟ್ಟು, ಆರು ತಿಂಗಳು ಟಪಾಲು ಬಿಡಿಸಿ, ಮಶೀನಿನ ಮುಂದೆ ಕೂರಿಸಿದರು. "ನಿಮ್ಮಷ್ಟು ಎಚ್ಚರಾಗಿ ಇನ್ಯಾರೂ ಕೂಡಂಗಿಲ್ಲ," ಎಂದರು ಸಾಹೇಬರು. ಶಿಕ್ಷೆಯೋ ನಂಬಿಕೆಯೋ ನನಗೆ ತಿಳಿಯಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಈ ಬರ್ಫಿ ವಿಷಯ ಕೆಂಪು. ನಾವು ನಾಲ್ಕೈದು ಮಂದಿ ಬಿಟ್ಟರ ಯಾರಿಗೂ ಹೇಳೂ ಹಂಗಿಲ್ಲ. ಆ ಹಾಳಿ ಇನ್ನೂ ಹೊರಗ ಅದ," ಎಂದರು.

ಹಾಗಾಗಿ ಸಂಶೋಧಕಿಗೆ ಹೇಳಲಿಲ್ಲ. ಅವಳು ಘಟ್ಟದಲ್ಲಿ ಬರೆದುಕೊಂಡಿದ್ದ, ಮಳೆಯಲ್ಲಿ ನೆಂದು ಉಬ್ಬಿದ್ದ ನೋಟುಪುಸ್ತಕಗಳನ್ನು ಹೊರತೆಗೆದು ಒಂದೊಂದೇ ಅಂಕಿಯನ್ನು ಮತ್ತೆ ತುಂಬಿದಳು. ಎರಡು ವರ್ಷ. ಟಪಾಲು ಮತ್ತೆ ನನಗೆ ಬಂದ ಮೇಲೆ ಹೋದಾಗಲೆಲ್ಲ ಅವಳ ಬೆನ್ನು ಕಾಣುತ್ತಿತ್ತು. ನನ್ನ ಹೆಜ್ಜೆ ಗುರುತು ಹಿಡಿದು, ತಿರುಗದೆಯೇ, "ಹುಡುಗಿ ನಡೆಯುತ್ತಾಳೆಯೇ ಮಾವಶಿ? ಹಲ್ಲು ಎಷ್ಟು?" ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಮೊಮ್ಮಗಳ ಮಾತು ಬಂದರೆ ನನ್ನ ನಾಲಿಗೆ ನಿಲ್ಲುವುದಿಲ್ಲ. ಹೇಳುತ್ತ ಹೇಳುತ್ತ ಅವಳ ಬೆರಳು ಕೀಲಿಮಣೆಯ ಮೇಲೆ ಓಡುವುದು ಕಂಡು, ನಡುವೆಯೇ ಮಾತು ಕತ್ತರಿಸಿ ಹೊರಗೆ ಬಂದುಬಿಡುತ್ತಿದ್ದೆ. ಕೆಲಸ ಮುಗಿದ ದಿನ ಅವಳು ಸ್ಟೀಲಿನ ಡಬ್ಬಿಯಲ್ಲಿ ಬರ್ಫಿ ತಂದಳು. ಮೊದಲ ತುಂಡು ನನಗೆ.

ನಿವೃತ್ತಳಾದೆ. ಸಾಹೇಬರೂ ನಿವೃತ್ತರಾದರು. ಈಚೆಗೆ ಕಾತ್ರಜದಲ್ಲಿ ಬೆಳಗಾವಿಯ ಬಸ್ಸಿಗೆ ಕಾಯುತ್ತಿದ್ದವರನ್ನು ಕಂಡು, ಕ್ಷೇಮ ಕೇಳುವುದಕ್ಕೂ ಮೊದಲೇ ಕೇಳಿದೆ, "ಸಾಹೇಬರ, ಅದು ಇನ್ನೂ ಕೆಂಪ ಏನ್ರಿ?"

ಅವರಿಗೆ ಯಾವುದು ಎಂದು ತಿಳಿಯಿತು. "ಆ ಕಂಪ್ಯೂಟರೆಲ್ಲಾ ಗುಜರಿಗೆ ಹೋದುವು ಬಾಯಿ. ಆ ಪಾಸ್‌ವರ್ಡಿಗೆ ಈಗ ಯಾವ ಕದಾನೂ ತಗಿಯಂಗಿಲ್ಲ. ಹಸಿರು ಅಂತ ತಿಳಕೋರಿ." ಬಸ್ಸು ಹತ್ತುವಾಗ ತಿರುಗಿ, "ಆಕಿಗೆ ಹೇಳ್ರಿ," ಎಂದರು.

ಅದಕ್ಕೇ ಇದನ್ನು ಬರೆದದ್ದು. ಎದುರು ನಿಂತು ಹೇಳಹೋದರೆ ನಾನು ಮೊಮ್ಮಗಳ ಹುಬ್ಬಿನಿಂದ ಶುರುಮಾಡಿ ಅಲ್ಲೇ ಉಳಿದುಬಿಡುತ್ತೇನೆಂದು ನನಗೆ ಗೊತ್ತು. ಆದರೆ ಸಂಶೋಧಕಿಗೆ ಕನ್ನಡ ಬರುವುದಿಲ್ಲ. ನನಗೆ ಮರಾಠಿ ಬರೆಯಲು ಬರುವುದಿಲ್ಲ. ಮನೆಯಲ್ಲಿ ಎರಡೂ ಓದಿ ಬರೆಯಬಲ್ಲವಳು ಮೊಮ್ಮಗಳೊಬ್ಬಳೇ. ಮರಾಠಿ ಶಾಲೆಗೆ ಹೋಗುತ್ತಾಳೆ, ಕನ್ನಡ ನಾನು ಕಲಿಸಿದ್ದು. ಹುಬ್ಬು ಈಗ ದಟ್ಟವಾಗಿವೆ, ಅಪ್ಪನಂತೆ.

ನಾನು ಓದಿದೆ, ಅವಳು ಮರಾಠಿಯಲ್ಲಿ ಬರೆದಳು. ಬರ್ಫಿಯ ಹತ್ತಿರ ಬಂದಾಗ ಪೆನ್ನು ನಿಲ್ಲಿಸಿದಳು.

"ಅಜ್ಜಿ, ಇದೆಲ್ಲಾ ನಾ ಹುಟ್ಟಿದ್ದಕ್ಕ ಆತೇನ?"

"ನೀ ಹುಟ್ಟಿದ್ದಕ್ಕಲ್ಲ. ನಾ ಹಿಗ್ಗಿದ್ದಕ್ಕ."

"ಹಿಗ್ಗೂದು ತಪ್ಪೇನ?"

"ಬರಿ," ಎಂದೆ.

ಹಾಳೆಯ ಒಂದು ಬದಿ ತುಂಬಿತು. ಹೊಸ ಹಾಳೆ ತೆಗೆಯಲು ಹೋದಳು. "ಒಂದ ಕಡೆ ಬರದರ ಅಕ್ಷರ ಛಂದ ಕಾಣ್ತಾವಜ್ಜಿ, ಹಿಂದಿಂದು ಖಾಲಿ ಬಿಡ್ತೀನಿ."

"ಬ್ಯಾಡ," ಎಂದೆ. "ತಿರುವಿ ಬರಿ. ಖಾಲಿ ಬಿಡಬ್ಯಾಡ."

ಅವಳು ಹಾಳೆ ತಿರುವಿದಳು. ಮುಗಿದ ಮೇಲೆ ನಾನು ಎಣಿಸಿದೆ, ಐದು ಹಾಳೆ, ಎರಡೂ ಬದಿ. ಮಡಚಲಿಲ್ಲ. ಲಕೋಟೆಯ ಮೇಲೆ ಸಂಶೋಧಕಿಯ ಹೆಸರು ಬರೆಸಿ, ಅವಳ ಕೈಗೇ ಕೊಟ್ಟು ಬರಲು ಅಜ್ಜಿ ಮೊಮ್ಮಗಳು ಇಬ್ಬರೂ ಚಪ್ಪಲಿ ಮೆಟ್ಟಿದೆವು.